ಐದನೆಯ ಕಾರಣ

ಜೀವ ವಿಮೆ ಮಾರುವವನಿಗೆ ತಾಳ್ಮೆ ಬೇಕು, ಗಾಡಿಯೂ ಬೇಕು. ನನಗೆ ತಾಳ್ಮೆ ಕಲಿಸಿದ್ದು ಗಾಡಿಯೇ. ಮನೆ ಕೊಟ್ಟೂರಿನಲ್ಲಿ, ಗಿರಾಕಿಗಳು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ. ಬಸ್ಸಿಗೆ ಹೋದರೆ ಸಂಜೆಯ ಕೊನೇ ಬಸ್ಸಿಗೆ ತಿರುಗಿಬಿಡಬೇಕು. ರೈತ ಹೊಲ ಬಿಟ್ಟು ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತು ‘ಈಗ ಹೇಳ್ರೀ’ ಅನ್ನುವುದೂ ಅದೇ ಹೊತ್ತಿಗೆ. ಹೀಗಾಗಿ ಕಾರು ಬೇಕಾಯಿತು. ಕಮಿಷನ್ನಿನ ಮೇಲೆ ಬದುಕುವವನಿಗೆ ಎಂಥ ಕಾರು ದಕ್ಕೀತು? ಮೊದಲು ಬಂದದ್ದು ಪ್ರೀಮಿಯರ್ ಪದ್ಮಿನಿ. ಅದರ ಹೆಸರು ಬದಲಾಗಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಬಾಯಲ್ಲಿ ಅದು ಫಿಯೆಟ್ಟೇ. ಆಮೇಲೆ ಡೀಸೆಲ್ ಅಂಬಾಸಿಡರ್. ಕೊನೆಗೊಂದು ಮಾರುತಿ ವ್ಯಾನು. ಮೂರೂ ಬೇರೆಯವರ ಮನೆಯಲ್ಲಿ ಪ್ರಾಯ ಸವೆಸಿಯೇ ನನ್ನಲ್ಲಿಗೆ ಬಂದವು. ವಯಸ್ಸಿನ ಕಾಯಿಲೆಗೆ ತಯಾರಿಸಿದವರನ್ನು ದೂರುವುದು ನ್ಯಾಯವಲ್ಲ.

ಹಾಗೆಂದು ನಾನು ಗಾಡಿಯ ಮೇಲೆ ಗಾಡಿ ಬದಲಿಸಿದವನೂ ಅಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ವಾಪಸ್ಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಆ ತಾಲ್ಲೂಕು ಜಿಲ್ಲೆ ಬದಲಿಸಿದಷ್ಟು ಸಲ ನಾನು ಕಾರು ಬದಲಿಸಲಿಲ್ಲ.

ಫಿಯೆಟ್ಟಿಗೆ ನಮ್ಮ ಬೇಸಿಗೆ ಆಗಿಬರುತ್ತಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಕಾರ್ಬುರೇಟರಿಗೆ ಹನಿಯೂ ತಲುಪದೆ ಎಂಜಿನ್ನು ಕೆಮ್ಮಿ ನಿಲ್ಲುತ್ತಿತ್ತು. ಪಂಪಿನ ಮೇಲೆ ಒದ್ದೆ ಟವಲ್ಲು ಹೊದಿಸಿ ಜಾಲಿಗಿಡದ ಅರೆನೆರಳಲ್ಲಿ ಕಾಯಬೇಕು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ ಕಿಡಿ ಹಾರುತ್ತಿರಲಿಲ್ಲ. ಉಳಿದ ಕಾಲಕ್ಕೆ ಪಾಯಿಂಟು ಸುಡುವುದು ಇದ್ದೇ ಇತ್ತು. ಪ್ರಪೋಸಲ್ ಫಾರ್ಮುಗಳ ಚೀಲದ ಪಕ್ಕದಲ್ಲಿ ಎಮರಿ ಕಾಗದ, ಕಂಡೆನ್ಸರ್, ಫ್ಯಾನ್ ಬೆಲ್ಟು, ನೀರಿನ ಕ್ಯಾನು ಸದಾ ಇರಬೇಕು. ಅಂಬಾಸಿಡರಿನ ಗೇರು ಒಂದನೆಯದಕ್ಕೂ ರಿವರ್ಸಿಗೂ ನಡುವೆ ಸಿಕ್ಕಿಕೊಂಡರೆ ಬಾನೆಟ್ ಎತ್ತಿ, ಒಳಗೆ ಕೈ ಹಾಕಿ ರಾಡು ಬಿಡಿಸಬೇಕಿತ್ತು. ಆ ಕೆಲಸ ನನಗಿಂತ ನಮ್ಮಾಕೆಗೇ ಚೆನ್ನಾಗಿ ಬರುತ್ತಿತ್ತು.

ಗಾಡಿ ನಿಂತಿತೆಂದರೆ ಸಾಕು, ನಮ್ಮ ಸೀಮೆಯಲ್ಲಿ ಎಲ್ಲಿಂದಲೋ ಜನ ಬಂದು ಸೇರುತ್ತಾರೆ. ಸುತ್ತ ಕಣ್ಣು ಹಾಯುವಷ್ಟು ದೂರ ಬರೀ ಶೇಂಗಾ ಹೊಲವಿದ್ದರೂ ಬರುತ್ತಾರೆ. ಬಂದವರಲ್ಲಿ ಒಬ್ಬ ‘ಏನಾಗೇತ್ರೀ?’ ಎಂದು ಕೇಳಿ ಬಾನೆಟ್ಟಿನೊಳಗೆ ಇಣುಕುತ್ತಾನೆ. ಇನ್ನೊಬ್ಬ ಗಾಡಿಯನ್ನು ನೋಡುವುದೇ ಇಲ್ಲ, ನನ್ನ ಮುಖ ನೋಡುತ್ತಾನೆ. ‘ಹೊರಡೋವಾಗ ಬೆಕ್ಕು ಅಡ್ಡ ಬಂದಿತ್ತೇನು? ಅಮಾಸಿಗೆ ನಿಂಬೆಹಣ್ಣು ಕಟ್ಟಿರಲಿಲ್ಲೇನು? ಈ ಗಾಡಿ ಶನಿವಾರ ತಗೊಂಡಿದ್ರೇನು?’ ಮೊದಲನೆಯವನಿಗೆ ಗಾಡಿ ಹೇಗೆ ಕೆಟ್ಟಿತು ಎಂಬುದು ಬೇಕು. ಎರಡನೆಯವನಿಗೆ ಅದು ನನ್ನದೇ ಗಾಡಿ, ಇವತ್ತೇ, ಇಲ್ಲೇ ಯಾಕೆ ಕೆಟ್ಟಿತು ಎಂಬುದು ಬೇಕು. ರಸ್ತೆ ಬದಿಯಲ್ಲಿ ವರ್ಷಗಟ್ಟಲೆ ಇಬ್ಬರ ಮಾತನ್ನೂ ಕೇಳಿದವನು ನಾನು. ಎರಡನೆಯವನದು ಮೂಢನಂಬಿಕೆ ಎಂದು ನಕ್ಕು ಮುಗಿಸಲು ನನಗೆ ಮನಸ್ಸು ಬಂದಿಲ್ಲ. ಆ ಪ್ರಶ್ನೆ ನನ್ನೊಳಗೂ ಏಳುತ್ತದೆ. ಅದನ್ನು ಯಾರು ಯಾರಿಗೆ ಕೇಳಬಹುದು ಎಂಬುದಷ್ಟೇ ನನ್ನ ತಕರಾರು.

ಒಂದು ಸಲ ಭರತ ಹುಣ್ಣಿಮೆಯ ಹೊತ್ತಿಗೆ ಅವ್ವ, ಚಿಗವ್ವ, ಮಕ್ಕಳನ್ನೆಲ್ಲ ತುಂಬಿಕೊಂಡು ಮೈಲಾರದ ಕಾರ್ಣಿಕಕ್ಕೆ ಹೊರಟಿದ್ದೆ. ಹಡಗಲಿ ದಾಟಿ ಸ್ವಲ್ಪ ದೂರಕ್ಕೆ ಹಿಂದಿನಿಂದ ‘ಟಣ್’ ಎಂದು ಸದ್ದಾಯಿತು. ಎಂಜಿನ್ನು ನಡೆಯುತ್ತಿದೆ, ಗೇರು ಬೀಳುತ್ತಿದೆ, ಗಾಡಿ ಮಾತ್ರ ಕದಲದು. ಮೊಪೆಡ್ಡಿನ ಮೇಲೆ ಹಡಗಲಿಯಿಂದ ಬಂದ ಮೇಸ್ತ್ರಿ ಗಾಲಿ ಬಿಚ್ಚುವ ಮೊದಲೇ ‘ಆಕ್ಸಲ್ ಕಟ್ ಆಗೇತಿ’ ಅಂದ. ಮುರಿದ ತುಂಡನ್ನು ಎಳೆದು, ಲುಂಗಿಯ ಚುಂಗಿಗೆ ಒರೆಸಿ, ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದ. ಅಂಚಿನಿಂದ ಶುರುವಾಗಿ ಮುಕ್ಕಾಲು ಪಾಲು ಕಪ್ಪು, ನುಣುಪು. ಅದರಲ್ಲಿ ಒಂದರೊಳಗೊಂದು ಬಾಗಿದ ಸಣ್ಣ ಗೆರೆಗಳು. ಇನ್ನೊಂದು ಮಗ್ಗುಲಲ್ಲಿ ಸ್ವಲ್ಪ ಜಾಗ ಮಾತ್ರ ಹರಳುಹರಳಾಗಿ ಬೆಳ್ಳಗೆ ಹೊಳೆಯುತ್ತಿತ್ತು. ‘ಇದು ಇವತ್ತು ಮುರಿದದ್ದಲ್ಲ ಬಿಡ್ರೀ ಯಜಮಾನ್ರ. ಈ ಕರಿ ಭಾಗ ಐತಲ್ಲ, ಅದು ಬಿರುಕು ಬಿಟ್ಟು ಎಷ್ಟ್ ತಿಂಗಳಾತೋ ಏನೋ. ಇವತ್ತಿನದು ಅಂದ್ರ ಈ ಬೆಳ್ಳಂದು ಅಷ್ಟೆ.’

ಇತ್ತ ಗಿಡದ ಕೆಳಗೆ ಬೇರೆಯೇ ತನಿಖೆ ನಡೆದಿತ್ತು. ಚಿಗವ್ವನ ಪ್ರಕಾರ, ಹೋದ ವರ್ಷ ಹೇಳಿಕೊಂಡ ಹರಕೆ ತೀರಿಸದ್ದಕ್ಕೆ ಮೈಲಾರಪ್ಪ ಸಿಟ್ಟಾಗಿ ತಡೆದಿದ್ದಾನೆ. ಅವ್ವನ ಪ್ರಕಾರ, ಮುಂದೆ ಕೆರೆ ಏರಿ ಇತ್ತು, ಅಲ್ಲಿ ಮುರಿದಿದ್ದರೆ ಎಲ್ಲರೂ ನೀರು ಪಾಲು. ಮೈಲಾರಪ್ಪ ಕರುಣೆಯಿಂದ ಇಲ್ಲೇ ತಂದು ನಿಲ್ಲಿಸಿದ್ದಾನೆ. ಮುರಿದ ಆಕ್ಸಲ್ ಒಂದೇ, ಹೆಸರು ಹೇಳಿದ ದೇವರೂ ಒಬ್ಬನೇ. ಒಬ್ಬಳಿಗೆ ಅದು ಶಿಕ್ಷೆ, ಇನ್ನೊಬ್ಬಳಿಗೆ ರಕ್ಷೆ. ಮೇಸ್ತ್ರಿ ಮಾತ್ರ ಯಾರ ಪಕ್ಷವನ್ನೂ ವಹಿಸಲಿಲ್ಲ. ಜಾಕಿನ ಕೆಳಗೆ ಇಡಲು ಚಪ್ಪಟೆ ಕಲ್ಲು ಹುಡುಕಿಕೊಡಿ ಅಂದ. ನಾವು ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಮೈಲಾರ ಮುಟ್ಟಿದೆವು.

ಇಂಥ ಎರಡು ಪ್ರಶ್ನೆಗಳನ್ನು ದೂರದ ಆಫ್ರಿಕಾದಲ್ಲಿ ಬಿಡಿಸಿ ನೋಡಿದವರೊಬ್ಬರಿದ್ದಾರೆ. ಇವಾನ್ಸ್-ಪ್ರಿಚರ್ಡ್ ಎಂಬ ಇಂಗ್ಲಿಷ್ ಮಾನವಶಾಸ್ತ್ರಜ್ಞ. ಅಜಾಂಡೆ ಜನರ ಬಗ್ಗೆ ಅವರು 1937ರಲ್ಲಿ ತಂದ ಪುಸ್ತಕದಲ್ಲಿ ಕಂಬಗಳ ಮೇಲೆ ನಿಂತ ಕಣಜದ ಪ್ರಸಂಗ ಬರುತ್ತದೆ. ಬಿಸಿಲಿಗೆ ಜನ ಅದರ ಕೆಳಗೆ ನೆರಳಿಗೆ ಕೂರುತ್ತಾರೆ. ಒಂದು ದಿನ ಅದು ಕುಸಿದು ಬೀಳುತ್ತದೆ. ಕಂಬಗಳನ್ನು ಗೆದ್ದಲು ತಿಂದಿತ್ತು ಎಂಬುದು ಅಜಾಂಡೆಯವರಿಗೆ ಚೆನ್ನಾಗಿ ಗೊತ್ತು. ಆದರೆ ಇದೇ ಜನ ಕೂತಿದ್ದಾಗಲೇ ಅದು ಬಿದ್ದದ್ದೇಕೆ? ಇದಕ್ಕೆ ಅವರ ಉತ್ತರ ಮಾಟ. ಪುಸ್ತಕವನ್ನು ಓದಿದಾಗ ನನಗೆ ಅಂಜಿಕೆ ಹುಟ್ಟಿಸಿದ್ದು ಮಾಟವಲ್ಲ, ಮುಂದಿನ ಹೆಜ್ಜೆ. ಮಾಟವೆಂದ ಮೇಲೆ ಮಾಡಿದವರಿರಬೇಕು, ಅವರಿಗೊಂದು ಹೆಸರಿರಬೇಕು. ಎರಡನೆಯ ಪ್ರಶ್ನೆ ಬಾಯಿಂದ ಹೊರಬಿದ್ದರೆ ಒಂದು ಹೆಸರು ಸಿಗುವತನಕ ಸುಮ್ಮನಾಗುವುದಿಲ್ಲ.

ನಮ್ಮೂರಲ್ಲೂ ಅದನ್ನು ನೋಡಿದೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿತು. ಸುಮಾರು 60 ಅಡಿಯ ರಥ. ಕೆಳಗೆ ಗಾಲಿ, ಅಚ್ಚಿನ ಕಡೆ ಮುರಿದು, ಜನಜಂಗುಳಿಯ ನಡುವೆಯೇ ವಾಲಿ ಬಿತ್ತು. ಹಲವರಿಗೆ ಗಾಯವಾಯಿತು. ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಕಾಲ್ನಡಿಗೆಯಲ್ಲಿ ಬಂದು ತೇರಿಗೆ ಕಾದಿದ್ದ ಜನ ಕೂತಲ್ಲೇ ಅಳತೊಡಗಿದರು. ಆ ರಾತ್ರಿಯಿಂದ ಊರಿನ ಕಟ್ಟೆಗಳ ಮೇಲೆ ಅದೇ ಮಾತು. ಯಾರ ಅಪಚಾರ ಇದು? ಯಾವ ಕೇಡಿನ ಮುನ್ಸೂಚನೆ? ಯಾವ ಓಣಿಯವರು ಏನು ತಪ್ಪಿದರು? ಗಾಯಗೊಂಡವರು ಆಸ್ಪತ್ರೆಯಲ್ಲಿದ್ದಾಗಲೇ ಅವರವರ ಮನೆತನದ ಹಳೆಯ ಲೆಕ್ಕಗಳೂ ಹೊರಬಂದವು.

ನಾನು ಕೊಟ್ಟೂರೇಶ್ವರನ ಒಕ್ಕಲು. ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ನಮ್ಮ ಕೊಟ್ಟೂರೇಶ್ವರ ಈ ಐವರನ್ನು ಪಂಚಗಣಾಧೀಶ್ವರರೆಂದು ನೆನೆದೇ ನಮ್ಮ ಮನೆಯಲ್ಲಿ ಬೆಳಗಾಗುವುದು. ಅಂಥ ನನಗೆ ತೇರು ಬಿದ್ದ ದಿನ ಕಣ್ಣಿಗೆ ಕಟ್ಟಿದ್ದು ಹಡಗಲಿ ಮೇಸ್ತ್ರಿ ಬಿಸಿಲಿಗೆ ಹಿಡಿದ ಕಪ್ಪು ಮುಖದ ಕಬ್ಬಿಣ. ಭಾರ ಹೊರುವ ಯಾವುದೂ ಒಂದೇ ದಿನಕ್ಕೆ ಮುರಿಯುವುದಿಲ್ಲ. ಮುರಿಯುತ್ತಾ ಬಂದದ್ದು ಒಂದು ದಿನ ಮುಗಿಯುತ್ತದೆ. ಆ ದಿನ ಜಾತ್ರೆಯ ದಿನವೇ ಆಗುವುದರಲ್ಲಿ ಆಶ್ಚರ್ಯವೂ ಇಲ್ಲ, ಏಕೆಂದರೆ ತೇರಿನ ಅಚ್ಚು ಪೂರ್ತಿ ಭಾರ ಹೊತ್ತು ಉರುಳುವುದು ಅಂದೇ. ಬರದ ಸೀಮೆಯಲ್ಲಿ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ಹಾಡಿ ಹೊಗಳುತ್ತಾರೆ. ಮಳೆ ಬಾರದ್ದು ಯಾರ ಪಾಪದಿಂದ ಎಂದು ಅವರು ಪಟ್ಟಿ ಮಾಡಿಸಿದ್ದನ್ನು ನಾನು ಕೇಳಿಲ್ಲ.

ಅಚ್ಚು ಮುರಿದು ಬದುಕು ಮುರಿದದ್ದು ನಮ್ಮಲ್ಲಿ ಮಾತ್ರವಲ್ಲ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಏರಿ ಹೊತ್ತಿಕೊಂಡವು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಆಗ. 50ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಎರಡು ಕೆಲಸ ನಡೆದವು. ಅಪಘಾತವಾದ ಮ್ಯೂಡನ್ ಊರಿನಲ್ಲಿ ಸತ್ತವರ ನೆನಪಿಗೆ ಜ್ವಾಲೆಗಳ ಮಾತೆಯ ಹೆಸರಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿದರು. ಅತ್ತ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ತರುಣ ಎಂಜಿನಿಯರ್, ಮುಂದೆ ಜರ್ಮನಿಯ ವ್ಹೋಲರ್, ಅಚ್ಚು ಹೇಗೆ ಮುರಿಯುತ್ತದೆ ಎಂಬುದರ ಬೆನ್ನು ಹತ್ತಿದರು. ಒಂದೇ ಏಟಿಗೆ ಮುರಿಯದ ಕಬ್ಬಿಣ ಲಕ್ಷಾಂತರ ಸಣ್ಣ ಏಟಿಗೆ ಒಳಗೊಳಗೇ ಬಿರಿಯುತ್ತದೆ ಎಂಬ ವಿದ್ಯೆ ಬೆಳೆದದ್ದು ಹೀಗೆ. ಬಾಗಿಲಿಗೆ ಬೀಗ ಹಾಕುವುದನ್ನೂ ಬಿಟ್ಟರು. ಗುಡಿಯೂ ಬೇಕಿತ್ತು, ವಿದ್ಯೆಯೂ ಬೇಕಿತ್ತು. ಗುಡಿ ಕಟ್ಟಿದವರು ಅಚ್ಚಿನ ಲೆಕ್ಕಕ್ಕೆ ಕೈ ಹಾಕಲಿಲ್ಲ, ಅಚ್ಚಿನ ಲೆಕ್ಕ ಮಾಡಿದವರು ಗುಡಿಯನ್ನು ಕೆಡವಿ ಎನ್ನಲಿಲ್ಲ.

ಇಷ್ಟಾದರೂ ಎರಡನೆಯ ಪ್ರಶ್ನೆ ಉಳಿಯುತ್ತದೆ. ನನ್ನ ಕಸುಬಿನಲ್ಲಿ ಅದನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. ವಿಮೆಯ ಹಿಂದೆ ಮರಣ ಕೋಷ್ಟಕ ಎಂಬುದೊಂದಿದೆ. ಇಂತಿಷ್ಟು ವಯಸ್ಸಿನ ಸಾವಿರ ಜನರಲ್ಲಿ ಒಂದು ವರ್ಷದಲ್ಲಿ ಎಷ್ಟು ಜನ ಸಾಯಬಹುದು ಎಂಬುದನ್ನು ಅದು ಹೇಳುತ್ತದೆ, ಅದರ ಮೇಲೆ ಕಂತು ನಿಲ್ಲುತ್ತದೆ. ಆ ಸಾವಿರದಲ್ಲಿ ಯಾರು ಎಂಬುದನ್ನು ಹೇಳುವುದಿಲ್ಲ. ಮೈಲಾರದ ಕಾರ್ಣಿಕವೂ ಹೀಗೇ. ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದ ಕೂಡಲೇ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ನುಡಿ. ರೈತ ಅದನ್ನು ಮಳೆಬೆಳೆಗೆ ಹೊಂದಿಸಿಕೊಳ್ಳುತ್ತಾನೆ, ವ್ಯಾಪಾರಿ ಧಾರಣೆಗೆ, ರಾಜಕಾರಣಿ ಕುರ್ಚಿಗೆ. ಅದು ನಾಡಿಗೆ ಹೇಳಿದ ಮಾತು. ಯಾರ ಬಾವಿ ಬತ್ತುತ್ತದೆ, ಯಾರ ಎತ್ತು ಬೀಳುತ್ತದೆ ಎಂದು ಹೆಸರು ಹಿಡಿದು ಹೇಳುವುದಿಲ್ಲ. ಕೋಷ್ಟಕ, ಕಾರ್ಣಿಕ ಎರಡಕ್ಕೂ ತಮ್ಮ ಎಲ್ಲೆ ಗೊತ್ತಿದೆ. ಕಟ್ಟೆಯ ಮೇಲೆ ಕೂತವರಿಗೇ ಗೊತ್ತಿರುವುದಿಲ್ಲ.

ತಂಬ್ರಹಳ್ಳಿ ಕಡೆಯ ಒಂದು ಮನೆಗೆ ಕ್ಲೇಮ್ ಫಾರ್ಮ್ ಹಿಡಿದು ಹೋಗಿದ್ದೆ. ಮನೆಯ ಯಜಮಾನ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗಿ ಹಾವು ಕಚ್ಚಿ ತೀರಿಕೊಂಡಿದ್ದ. ಚಿಕ್ಕ ವಯಸ್ಸು. ಫಾರ್ಮಿನಲ್ಲಿ ಸಾವಿಗೆ ಕಾರಣವೇನು ಎಂದು ಒಂದು ಕಾಲಂ ಇರುತ್ತದೆ. ಪೋಸ್ಟ್‌ಮಾರ್ಟಂ ವರದಿ ನೋಡಿ ಬರೆಯುವುದು. ‘ಅಷ್ಟು ಮಂದಿ ರಾತ್ರಿ ನೀರಿಗೆ ಹೊಕ್ಕಾರ. ನಮ್ಮನಿಯವ್ರಿಗೇ ಯಾಕಾತ್ರೀ ಅಣ್ಣಾರ?’ ಎಂದು ಆ ಹೆಣ್ಣುಮಗಳು ಕೇಳಿದಳು. ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ. ಅಲ್ಲಿದ್ದ ಹಿರಿಯರೊಬ್ಬರು ಮಾತ್ರ ತಡಮಾಡಲಿಲ್ಲ: ‘ಹೋದ ಜನ್ಮದಾಗ ಹಾವಿಗೆ ಏನ್ ಮಾಡಿದ್ನೋ ತಾಯಿ. ಪಡಕೊಂಡು ಬಂದದ್ದು.’ ಆಕೆ ತಲೆ ತಗ್ಗಿಸಿದಳು. ಸಮಾಧಾನವಾಗಿ ತಗ್ಗಿಸಿದ್ದಲ್ಲ. ಗಂಡನನ್ನು ಕಳೆದುಕೊಂಡವಳ ಮುಂದೆ ಗಂಡನ ಮೇಲೊಂದು ಆರೋಪವನ್ನೂ ಹೊರಿಸಿದಂತಾಗಿತ್ತು. ಸಾಕ್ಷಿ ಇಲ್ಲದ, ಜಾಮೀನು ಇಲ್ಲದ, ಅಪೀಲೂ ಇಲ್ಲದ ಆರೋಪ.

ಕರ್ಮದ ಮಾತು ಸುಳ್ಳೆಂದು ವಾದಿಸುವಷ್ಟು ಶಾಸ್ತ್ರ ನನಗೆ ತಿಳಿಯದು. ಆದರೆ ಗೀತೆಯ ಹದಿನೆಂಟನೆಯ ಅಧ್ಯಾಯವನ್ನು ರಸ್ತೆ ಬದಿಯಲ್ಲಿ ಕೂತು ಅನೇಕ ಸಲ ಮೆಲುಕು ಹಾಕಿದ್ದೇನೆ. ಯಾವ ಕೆಲಸ ಆಗುವುದಕ್ಕೂ ಐದು ಕಾರಣಗಳನ್ನು ಅಲ್ಲಿ ಎಣಿಸಿದೆ: ನೆಲೆ, ಮಾಡುವವನು, ಬಗೆಬಗೆಯ ಸಾಧನಗಳು, ನಾನಾ ತೆರನ ಯತ್ನಗಳು, ಐದನೆಯದು ದೈವ. ಎಣಿಕೆಯಲ್ಲಿ ಅದು ಕೊನೆಯದು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಮೊದಲ ನಾಲ್ಕು ನಮ್ಮ ಕೈಗೆ, ಕಣ್ಣಿಗೆ ಸಿಗುವಂಥವು. ನಮ್ಮ ಕೆಟ್ಟ ರಸ್ತೆ, ಓಡಿಸುವ ನಾನು, ಸವೆದ ಆಕ್ಸಲ್, ಹಾಕಿದ ಅಥವಾ ಹಾಕದ ಗ್ರೀಸು. ಅವನ್ನು ನೋಡದೆ ಐದನೆಯದಕ್ಕೆ ಹಾರುವುದು ಭಕ್ತಿಯಲ್ಲ, ಸೋಮಾರಿತನ. ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುವ ಸೀಮೆಯವರು ನಾವು. ಜರಿಮಲೆ ಪಾಳೆಯಗಾರರ ಮನೆತನದಿಂದ ಆ ಎಣ್ಣೆ ಬರುವ ಸಂಪ್ರದಾಯವಿದೆ. ಅಚ್ಚಿಗೆ ಎಣ್ಣೆ ಎರೆಯುವುದನ್ನು ಅದಕ್ಕಿಂತ ಕಡಿಮೆಯ ಸೇವೆ ಎಂದು ನಾನು ಎಣಿಸುವುದಿಲ್ಲ.

ಇನ್ನೂ ಒಂದು ಮಾತು ಅಲ್ಲೇ ಇದೆ. ಐದು ಕಾರಣ ಎಣಿಸಿದ ಬೆನ್ನಿಗೇ, ಎಲ್ಲವನ್ನೂ ತಾನೊಬ್ಬನೇ ಮಾಡಿದೆನೆಂದು ತಿಳಿದವನಿಗೆ ಕಣ್ಣಿಲ್ಲ ಎಂಬ ಅರ್ಥದ ಮಾತು ಬರುತ್ತದೆ. ಅಂದರೆ ದೈವವನ್ನು ಅಲ್ಲಿ ಹೇಳಿರುವುದು ನಮ್ಮ ಅಹಂಕಾರ ಇಳಿಸುವುದಕ್ಕೆ. ಗಾಡಿ ಸುಸೂತ್ರವಾಗಿ ಹರಪನಹಳ್ಳಿ ಮುಟ್ಟಿದ ದಿನ ‘ನನ್ನ ಕೈಚಳಕ’ ಎಂದು ಬೀಗದೆ ಸ್ಟೀರಿಂಗಿಗೆ ಕೈ ಮುಗಿಯಲಿ ಎಂದು. ಹಾಗಾದರೆ ಅದು ನಾನು ನನಗೇ ಹೇಳಿಕೊಳ್ಳಬೇಕಾದ ಮಾತು. ‘ನನ್ನ ಹಣೆಬರಹ’ ಎಂದು ನಾನೇ ಅಂದುಕೊಂಡರೆ ಅದರಲ್ಲಿ ಸೋಲನ್ನು ಹೊರುವ ಬಲ ಸಿಗುತ್ತದೆ. ಆ ತಂಬ್ರಹಳ್ಳಿಯ ಹೆಣ್ಣುಮಗಳೇ ಹಾಗಂದಿದ್ದರೆ ಅದು ಅವಳ ಹಕ್ಕು. ಅದೇ ಮಾತನ್ನು ನಾನು ಅವಳಿಗೆ ‘ನಿನ್ನ ಹಣೆಬರಹ’ ಎಂದು ಹೇಳಿದರೆ ತೀರ್ಪಾಗುತ್ತದೆ. ಒಂದೇ ನಂಬಿಕೆ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆ ಎಂಬುದರ ಮೇಲೆ ಮದ್ದೋ ವಿಷವೋ ಆಗುತ್ತದೆ. ನನಗೆ ತಿಳಿದ ಮಟ್ಟಿಗೆ ಕರ್ಮಸಿದ್ಧಾಂತದ ಚರ್ಚೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಹೇಳುತ್ತಿರುವವನು ಯಾರು?

ಒಬ್ಬ ಸ್ನೇಹಿತರು, ಸಂಸ್ಕೃತ ಬಲ್ಲ ಮೇಷ್ಟ್ರು, ಇದಕ್ಕೆ ಆಕ್ಷೇಪ ತೆಗೆದಿದ್ದರು. ಸತ್ಯವಾದದ್ದು ಯಾರು ಹೇಳಿ ಯಾರು ಕೇಳಿದರೂ ಸತ್ಯವೇ ಅಲ್ಲವೇ? ಎರಡನೆಯ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡು ಕೂತರೆ ನೊಂದವರನ್ನು ಬರಿಗೈಲಿ ಬಿಟ್ಟಂತಾಗುವುದಿಲ್ಲವೇ? ನ್ಯಾಯವಾದ ಆಕ್ಷೇಪವೇ. ಆದರೆ ಹಿಂದಿನ ಜನ್ಮದ ಲೆಕ್ಕ ನಿಜವೇ ಇದ್ದರೂ ಅದರ ಖಾತೆಪುಸ್ತಕ ಆ ಹಿರಿಯರ ಕೈಯಲ್ಲಿರಲಿಲ್ಲ. ನೋಡದ ಪುಸ್ತಕದಿಂದ ಓದಿ ಹೇಳುವವನು ಸತ್ಯ ಹೇಳುತ್ತಿಲ್ಲ, ಊಹಿಸುತ್ತಿದ್ದಾನೆ. ಇನ್ನು ಬರಿಗೈಯ ಮಾತು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ಬೀಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬುತ್ತಿ ಬಿಚ್ಚಿ, ಒಲ್ಲೆನೆಂದವರ ಕೈಗೆ ಇಟ್ಟು ಉಣ್ಣಿಸುತ್ತಾರೆ. ಈ ಪದ್ಧತಿ ಕಟ್ಟಿದವರಿಗೆ ಆ ಪ್ರಶ್ನೆ ಕೇಳಿಸದೇ ಇರಲಿಲ್ಲ. ಅದಕ್ಕೆ ಏನು ತರಬೇಕೆಂಬುದು ಅವರಿಗೆ ಗೊತ್ತಿತ್ತು. ಆ ದಿನ ನಾನೂ ತಂಬ್ರಹಳ್ಳಿಯಲ್ಲಿ ವಾದಕ್ಕಿಳಿಯದೆ ಫಾರ್ಮು ತುಂಬಿದೆ, ಸಹಿ ಎಲ್ಲೆಲ್ಲಿ ಎಂದು ಗುರುತು ಹಾಕಿದೆ, ಪಾಸ್‌ಬುಕ್ಕಿಗೆ ಆಕೆಯ ಮೈದುನನನ್ನು ಬ್ಯಾಂಕಿಗೆ ಕರೆದೊಯ್ದೆ. ಆವತ್ತು ಕಾರು ಯಾಕೋ ಸರಿಯಾಗಿಯೇ ನಡೆಯಿತು. ಅದಕ್ಕೆ ದೈವ ಕಾರಣ ಅಂದರೂ ನನ್ನ ಅಡ್ಡಿಯಿಲ್ಲ.

ಈಗಿನ ಹುಡುಗ ಏಜೆಂಟರು ಹೊಸ ಕಾರಿನಲ್ಲೇ ಕಸುಬು ಶುರುಮಾಡುತ್ತಾರೆ. ಕಂತು ಮೊಬೈಲಿನಲ್ಲೇ ಕಟ್ಟಿಸುತ್ತಾರೆ. ಒಳ್ಳೆಯದೇ. ಹಳೇ ಕಾರಿನ ಹಾಡು ಹಾಡಿ ಅವರನ್ನು ದಾರಿಯಲ್ಲಿ ನಿಲ್ಲಿಸುವ ಆಸೆ ನನಗಿಲ್ಲ. ಬಿಸಿ ರೇಡಿಯೇಟರ್ ಮುಚ್ಚಳದಿಂದ ಕೈ ಸುಟ್ಟುಕೊಂಡವನಿಗೆ ಅಂಥ ಮೋಹ ಉಳಿಯುವುದಿಲ್ಲ. ಆದರೆ ಗಾಡಿ ಎಷ್ಟೇ ಹೊಸದಿರಲಿ, ಕೆಟ್ಟು ನಿಂತ ಬೇರೊಬ್ಬರ ಬದುಕಿನ ಪಕ್ಕದಲ್ಲಿ ನಿಲ್ಲಿಸಿ ಇಳಿಯುವ ದಿನ ಅವರಿಗೂ ಬರುತ್ತದೆ. ಇಳಿದಾಗ ಕೇಳಬೇಕಾದ್ದು ‘ಏನಾಗೇತ್ರೀ?’ ಎಂಬ ಒಂದೇ ಮಾತು. ಮೊದಲ ನಾಲ್ಕು ಕಾರಣ ಹುಡುಕಲು ಎಲ್ಲರೂ ಕೈ ಹಚ್ಚಬಹುದು. ಐದನೆಯದು ಗಾಡಿಯವನಿಗೆ ಬಿಟ್ಟದ್ದು. ನನ್ನ ಗಾಡಿಯ ಐದನೆಯ ಕಾರಣವನ್ನು ನಾನೂ ನನ್ನ ಕೊಟ್ಟೂರೇಶ್ವರನೂ ಕೂತು ಮಾತಾಡಿಕೊಳ್ಳುತ್ತೇವೆ. ನೀವು ಸ್ವಲ್ಪ ಜಾಕು ಹಿಡಿಯಿರಿ.